ಎತ್ತಿ ಕುಡಿಯುವ ಮರ್ಯಾದೆ

ಪುಂಜಾಲಕಟ್ಟೆಯ ಪಾಸ್ಕು ಮೇಸ್ತ್ರಿಯ ಮಗ ಇನಾಸ್ ಆಫ್ರಿಕಕ್ಕೆ ಹೋದದ್ದು ಧರ್ಮ ಬೋಧಿಸುವುದಕ್ಕೆಂದು ಊರವರೆಲ್ಲ ನಂಬಿದ್ದರು. ಅವನನ್ನು ಕರೆಸಿಕೊಂಡದ್ದು ಮಾತ್ರ ಛಾವಣಿ ಕಟ್ಟುವುದಕ್ಕೆ. ಟಾಂಗಾನಿಕದ ಬೆಟ್ಟಸೀಮೆಯ ಒಂದು ಮಿಶನ್ನಿನ ಹಿರಿಯ ಪಾದ್ರಿಗಳು, ಹುಲ್ಲಿನ ಮಾಡುಗಳನ್ನು ಗೆದ್ದಲು ತಿಂದು ಮುಗಿಸುವುದನ್ನು ನೋಡಿ ನೋಡಿ ಬೇಸತ್ತು, ಹಂಚಿನ ಕೆಲಸ ಬಲ್ಲ ಒಬ್ಬ ಬ್ರದರನ್ನು ಕಳಿಸಿಕೊಡಿ ಎಂದು ಮಂಗಳೂರಿಗೆ ಬರೆದಿದ್ದರು. ಇನಾಸನಿಗೆ ಆಗ ಇಪ್ಪತ್ತನಾಲ್ಕು ವರ್ಷ. ಮಠ ಸೇರಿ, ವ್ರತ ತೊಟ್ಟು ಎರಡು ವರ್ಷ ಕಳೆದಿತ್ತು. ಪಾದ್ರಿಯಾಗುವಷ್ಟು ಲ್ಯಾಟಿನ್ ಅವನ ತಲೆಗೆ ಹತ್ತಿರಲಿಲ್ಲ. ಆದರೆ ಮಾಡಿನ ಮರದ ಪಕ್ಕಾಸು ಕೂಡಿಸಿ, ಅಡ್ಡಕ್ಕೆ ರೀಪು ಬಡಿದು, ಸಾಲು ತಪ್ಪದೆ ಹಂಚು ಹೊದೆಸುವುದರಲ್ಲಿ ಅವನನ್ನು ಮೀರಿಸುವವರು ಆ ಮಠದಲ್ಲಿರಲಿಲ್ಲ. 1958ರ ಚಳಿಗಾಲದಲ್ಲಿ ಅವನು ಮುಂಬಯಿಯಿಂದ ಹಡಗು ಹತ್ತಿದ.

ಕೆಲಸ ಕಲಿತದ್ದು ಅಪ್ಪನ ಜೊತೆಯಲ್ಲಿ. ಬಂಟ್ವಾಳ ಪೇಟೆಯ ಮಳಿಗೆಗಳಿಂದ ಬೆಳ್ತಂಗಡಿಯ ಆಚೆಯ ಒಂಟಿಮನೆಗಳವರೆಗೆ ಪಾಸ್ಕು ಮೇಸ್ತ್ರಿ ಹತ್ತದ ಮಾಡು ಕಡಿಮೆ. ಹನ್ನೆರಡನೆಯ ವಯಸ್ಸಿನಲ್ಲಿ ಇನಾಸ್ ಮೂಡಬಿದಿರೆಯ ಹತ್ತಿರದ ಒಂದು ದೊಡ್ಡ ಮನೆಯಲ್ಲಿ ಅಪ್ಪನಿಗೆ ಹಂಚು ಎತ್ತಿಕೊಟ್ಟಿದ್ದ. ಹದಿನೇಳು ದಿನಗಳ ಕೆಲಸ. ಅಡುಗೆಮನೆಯ ಮೇಲೆ, ದೇವರ ಕೋಣೆಯ ಮೇಲೆ, ಬೇಕಾದಲ್ಲೆಲ್ಲ ಅಪ್ಪ ಮಗ ನಡೆದಾಡಿದರು. ಮಧ್ಯಾಹ್ನ ಏಣಿಯಿಂದ ಕೆಳಗಿಳಿದರೆ ಮಾತ್ರ ಅಂಗಳದ ತುದಿಯಲ್ಲಿ ಬೊಗಸೆಯೊಡ್ಡಿ ನಿಲ್ಲಬೇಕು. ಮನೆಯ ಹೆಂಗಸು ಜಗಲಿಯಿಂದ ಮಜ್ಜಿಗೆ ಹೊಯ್ಯುತ್ತಿದ್ದಳು.

“ಮೇಲಿರುವಾಗ ಇಲ್ಲದ ಮೈಲಿಗೆ ಕೆಳಗೆ ಇಳಿದ ಕೂಡಲೇ ಎಲ್ಲಿಂದ ಬರ್ತದೆ ಅಪ್ಪಾ?” ಎಂದು ಅವನೊಮ್ಮೆ ಕೇಳಿದ್ದ.

“ಮಜ್ಜಿಗೆ ಹುಳಿ ಉಂಟಾ?” ಎಂದಿದ್ದ ಪಾಸ್ಕು. “ಇಲ್ಲವಲ್ಲ. ಹಾಗಾದರೆ ಕುಡಿದು ಸುಮ್ಮನಿರು.”

ಆ ಪ್ರಶ್ನೆಯನ್ನು ಇನಾಸ್ ತನ್ನ ಮನೆಯ ಅಂಗಳದಲ್ಲಿ ಎಂದೂ ಕೇಳಲಿಲ್ಲ. ಅಲ್ಲಿ ಬೊಗಸೆಯೊಡ್ಡುತ್ತಿದ್ದವನು ಬುಟ್ಟಿ ಹೆಣೆಯುವ ಅಣ್ಣು. ಮೇಲಿನಿಂದ ಹೊಯ್ಯುತ್ತಿದ್ದವಳು ಇನಾಸನ ತಾಯಿ ಕೊರ್ನೆಲ್ ಬಾಯಿ. ಮನೆಯೊಳಗಿನವರೂ ಯಾರೂ ತಂಬಿಗೆಗೆ ತುಟಿ ತಾಗಿಸುತ್ತಿರಲಿಲ್ಲ. ತಲೆಯನ್ನು ಹಿಂದಕ್ಕೆ ವಾಲಿಸಿ, ಗೇಣೆತ್ತರದಿಂದ ಬಾಯೊಳಕ್ಕೆ ಧಾರೆ ಬಿಡಬೇಕು. ಎತ್ತಿ ಕುಡಿಯುವುದು ಎಂದರೆ ಅದು. ತುಟಿ ತಾಗಿತೋ, ಪಾತ್ರೆ ಎಂಜಲಾಯಿತು. ಬೂದಿ ಹಾಕಿ ತಿಕ್ಕುವವರೆಗೆ ಇನ್ನೊಬ್ಬರು ಅದನ್ನು ಮುಟ್ಟುವಂತಿಲ್ಲ. ಪ್ರಾರ್ಥನೆಗಿಂತ ಮುಂಚೆ ಇನಾಸ್ ಕಲಿತ ಪಾಠ ಇದು. ಪ್ರಾರ್ಥನೆಯನ್ನಾದರೂ ಅವನು ಕೆಲವೊಮ್ಮೆ ಮರೆಯುತ್ತಿದ್ದ.

ಮಿಶನ್ನಿನಲ್ಲಿ ಬೆಳಗಿನ ಐದಕ್ಕೆ ಗಂಟೆ ಬಾರಿಸುವ ಕೆಲಸ ಅವನದಾಯಿತು. ಪ್ರಾರ್ಥನೆ, ಪೂಜೆ, ಆಮೇಲೆ ಮುಸುಕಿನ ಜೋಳದ ಗಟ್ಟಿ ಗಂಜಿ. ಏಳಕ್ಕೆಲ್ಲ ಅವನು ಮಣ್ಣಿನ ಹೊಂಡದಲ್ಲಿರುತ್ತಿದ್ದ. ಆ ಮಣ್ಣು ನೇತ್ರಾವತಿಯ ದಂಡೆಯ ಮಣ್ಣಿನಂತಿರಲಿಲ್ಲ. ಮೊದಲ ಮೂರು ಆವಿಗೆಗಳ ಹಂಚು ಬಿರುಕು ಬಿಟ್ಟಿತು. ನಾಲ್ಕನೆಯದಕ್ಕೆ ಮರಳಿನ ಹದ ಬದಲಿಸಿ, ಒಣಗಿಸುವ ದಿನಗಳನ್ನು ಎರಡು ಪಟ್ಟು ಮಾಡಿದ ಮೇಲೆ ಬಡಿದರೆ ಸದ್ದು ಕೊಡುವ ಹಂಚು ಬಂತು. ಮಧ್ಯಾಹ್ನ ಮಕ್ಕಳಿಗೆ ಮುರುಕು ಸ್ವಾಹಿಲಿಯಲ್ಲಿ ಜಪ ಹೇಳಿಕೊಡಬೇಕು. ಅವನ ಉಚ್ಚಾರಣೆಗೆ ಮಕ್ಕಳು ಬೆಂಚಿನ ಕೆಳಗೆ ತಲೆ ತೂರಿಸಿ ನಗುತ್ತಿದ್ದವು. ಸಂಜೆ ಕಾಲ್ಬೆರಳಿನ ಚರ್ಮದೊಳಗೆ ಹೊಕ್ಕು ಮೊಟ್ಟೆಯಿಡುವ ಚಿಗಟಗಳನ್ನು ಸೂಜಿಯ ತುದಿಯಿಂದ ತೆಗೆಸಿಕೊಳ್ಳಬೇಕು. ಅಡುಗೆಯವನು ಆ ಕೆಲಸದಲ್ಲಿ ನಿಪುಣ. ಊರಿಗೆ ಬರೆಯುವ ಕಾಗದಗಳಲ್ಲಿ ಇನಾಸ್ ಚಿಗಟದ ವಿಷಯ ಬಿಟ್ಟು ಚಿರತೆಯ ವಿಷಯ ಬರೆಯುತ್ತಿದ್ದ. ಚಿರತೆಯನ್ನು ಅವನು ಕಂಡಿರಲಿಲ್ಲ. ಅಪ್ಪ ತೀರಿಕೊಂಡ ಸುದ್ದಿ ಅವನನ್ನು ಮುಟ್ಟುವಾಗ ಇಪ್ಪತ್ತೆರಡು ದಿನ ಕಳೆದಿತ್ತು. ಆ ದಿನ ಕೂಡ ಅವನು ಹೊಂಡಕ್ಕೆ ಇಳಿದು ಮಣ್ಣು ತುಳಿದ.

ಊಟದ ಮೇಜಿನ ತಲೆಯಲ್ಲಿ ಹಿರಿಯ ಪಾದ್ರಿಗಳು, ಬದಿಗಳಲ್ಲಿ ಇನ್ನಿಬ್ಬರು ಬಿಳಿಯ ಪಾದ್ರಿಗಳು, ಕೊನೆಯಲ್ಲಿ ಇನಾಸ್. ಹಳ್ಳಿಹಳ್ಳಿ ತಿರುಗಿ ಧರ್ಮಪಾಠ ಹೇಳುತ್ತಿದ್ದ ಯೊಹಾನಾ ಎಂಬ ಆ ಸೀಮೆಯ ಯುವಕ ಅಡುಗೆಮನೆಯ ಜಗಲಿಯಲ್ಲಿ ಉಣ್ಣುತ್ತಿದ್ದ. ತನ್ನ ಕುರ್ಚಿ ಕೊನೆಯಲ್ಲಿದೆ ಎಂಬುದು ಇನಾಸನಿಗೆ ಮೊದಲ ದಿನವೇ ಕಂಡಿತು. ಯೊಹಾನಾನಿಗೆ ಕುರ್ಚಿಯೇ ಇಲ್ಲ ಎಂಬುದು ಕಾಣಲು ಬಹಳ ದಿನ ಹಿಡಿಯಿತು. ಬೆಟ್ಟದ ಜನ ಇನಾಸನನ್ನು ‘ಮುಹಿಂದಿ’ ಎನ್ನುತ್ತಿದ್ದರು. ಹಿಂದೂಸ್ಥಾನದವನು ಎಂದರ್ಥ; ಆದರೆ ಅವರು ಕಂಡ ಹಿಂದೂಸ್ಥಾನದವರೆಲ್ಲ ಪೇಟೆಯಲ್ಲಿ ಸಕ್ಕರೆ ತೂಗುವ ವ್ಯಾಪಾರಿಗಳು. ಆ ಹೆಸರು ಇನಾಸನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ತಾನು ಇವರ ಸೇವೆಗೆ ಬಂದವನು, ಇವರ ಪೈಕಿಯವನೇ ಎನಿಸಿಕೊಳ್ಳಬೇಕು ಎಂಬ ಆಸೆ ಅವನಿಗಿತ್ತು. ಆ ಆಸೆ ಪ್ರಾಮಾಣಿಕವಾದದ್ದು. ಆಮೇಲೆ ಅವನನ್ನು ಬಹಳವಾಗಿ ಸುಟ್ಟದ್ದೂ ಅದೇ.

1960ರ ಆಗಸ್ಟಿನಲ್ಲಿ ಯೊಹಾನಾನ ಹಳ್ಳಿಯ ಪ್ರಾರ್ಥನಾಮಂದಿರಕ್ಕೆ ಹಂಚು ಹೊದೆಸಿ ಮುಗಿಯಿತು. ಮಿಶನ್ನಿನಿಂದ ಎರಡು ಗಂಟೆಯ ಕಾಲುದಾರಿ ಆ ಹಳ್ಳಿಗೆ. ಯೊಹಾನಾನ ತಂದೆ ಅಲ್ಲಿನ ಹಿರಿಯ, ಕ್ರೈಸ್ತನಲ್ಲ. ಮಗನ ಧರ್ಮದ ಮೇಲೆ ಅವನಿಗೆ ಸಿಟ್ಟಿತ್ತು. ಆದರೂ ಪಕ್ಕಾಸಿಗೆಂದು ತನ್ನ ನಾಲ್ಕು ಮರಗಳನ್ನು ಕಡಿಸಿಕೊಟ್ಟಿದ್ದ. ಕೊನೆಯ ಹಂಚು ಕೂತ ದಿನ ಮುದುಕ ತನ್ನ ಅಂಗಳದಲ್ಲಿ ಎಲ್ಲರನ್ನೂ ಸುತ್ತ ಕೂರಿಸಿದ. ಸೋರೆಬುರುಡೆಯ ತುಂಬ ಧಾನ್ಯದ ಹುಳಿಕಳ್ಳು ಬಂತು. ಅಲ್ಲಿನ ಪದ್ಧತಿಯಂತೆ ಮನೆಯ ಯಜಮಾನ ಮೊದಲು ಬುರುಡೆಗೆ ಬಾಯಿಟ್ಟು ಒಂದು ಗುಟುಕು ಹೀರಿದ. ಇದರಲ್ಲಿ ವಿಷವಿಲ್ಲ, ಮನಸ್ಸಿನಲ್ಲೂ ಇಲ್ಲ ಎಂಬುದಕ್ಕೆ ಅದು ಸಾಕ್ಷಿ. ಆಮೇಲೆ ಯೊಹಾನಾ ಹೀರಿದ. ಆಮೇಲೆ ಬುರುಡೆ ಇನಾಸನ ಕೈಗೆ ಬಂತು.

ಅವನು ಯೋಚಿಸಲಿಲ್ಲ. ಯೋಚಿಸಿದ್ದರೆ ಹಾಗೆ ಮಾಡುತ್ತಿರಲಿಲ್ಲ ಎಂದು ಮುಂದೆ ವರ್ಷಗಟ್ಟಲೆ ತನಗೆ ತಾನೇ ಹೇಳಿಕೊಂಡ. ಎರಡು ಬಾಯಿಗಳ ಒದ್ದೆ ಬುರುಡೆಯ ಅಂಚಿನಲ್ಲಿ ಹೊಳೆಯುತ್ತಿತ್ತು. ಅವನ ಕೈಗಳು ತಾವಾಗಿಯೇ ಮೇಲೆದ್ದವು, ತಲೆ ಹಿಂದಕ್ಕೆ ವಾಲಿತು, ಬುರುಡೆ ಗೇಣೆತ್ತರದಲ್ಲಿ ಬಾಗಿತು. ತಂಬಿಗೆಗೆ ಕಂಠ ಉಂಟು, ಬುರುಡೆಗೆ ಇಲ್ಲ. ಹೊಟ್ಟು ಸಮೇತ ಕಳ್ಳು ಅವನ ಗಲ್ಲ, ಕೊರಳು, ಬಿಳಿಯ ನಿಲುವಂಗಿಯ ಮೇಲೆಲ್ಲ ಸುರಿಯಿತು.

ಹೆಂಗಸರು ನಕ್ಕರು. ಮುದುಕ ನಗಲಿಲ್ಲ.

“ನಮ್ಮ ಬಾಯಲ್ಲಿ ಹುಣ್ಣು ಇದೆಯೆ?” ಎಂದು ಮಗನನ್ನು ಕೇಳಿದ.

ಯೊಹಾನಾ ಇನಾಸನ ಮುಖವನ್ನೊಮ್ಮೆ ನೋಡಿ, ತಂದೆಯತ್ತ ತಿರುಗಿದ. “ಇಲ್ಲ ಅಪ್ಪಾ. ಅವರ ದೇಶದಲ್ಲಿ ದೊಡ್ಡವರ ಮನೆಯಲ್ಲಿ ಹೀಗೇ ಕುಡಿಯುತ್ತಾರೆ. ಯಜಮಾನ ಕೊಟ್ಟದ್ದನ್ನು ತಲೆಗಿಂತ ಮೇಲೆ ಎತ್ತುತ್ತಾರೆ. ಅದು ಅವರ ಮರ್ಯಾದೆ.”

ಮುದುಕ ಬುರುಡೆಯನ್ನು ಮರಳಿ ತೆಗೆದುಕೊಂಡು ಮೊಣಕಾಲಿನ ಮೇಲೆ ಕೈಯೂರಿ ಎದ್ದು ನಿಂತ. ಎರಡು ಕೈಗಳಲ್ಲಿ ಅದನ್ನು ತಲೆಯ ಮೇಲಕ್ಕೆತ್ತಿ ಬಾಗಿಸಿದ. ಕಳ್ಳು ಮೂಗಿಗೆ ಹೋಯಿತು, ಕಣ್ಣಿಗೆ ಹೋಯಿತು. ಕೆಮ್ಮಿ ಕೆಮ್ಮಿ ಉಸಿರು ತಿರುಗಿದ ಮೇಲೆ, “ಈಗ ನಾನೂ ನಿನಗೆ ಮರ್ಯಾದೆ ಸಲ್ಲಿಸಿದೆ” ಎಂದ. ಆಮೇಲೆ ಸುತ್ತ ಕೂತವರೆಲ್ಲ ಒಬ್ಬೊಬ್ಬರಾಗಿ ಎದ್ದು, ಎತ್ತಿ ಕುಡಿದು, ತಮ್ಮ ಹಬ್ಬದ ಬಟ್ಟೆಗಳನ್ನು ಹಾಳುಮಾಡಿಕೊಂಡರು. ಇನಾಸ್ ನಗುತ್ತ ಕೂತಿದ್ದ.

ಹಿಂದಿರುಗುವ ದಾರಿಯಲ್ಲಿ ಯೊಹಾನಾ ಕೇಳಿದ: “ಬ್ರದರ್, ಅಪ್ಪನಿಗೆ ನೋವಾಗಬಾರದೆಂದು ನನಗೆ ಗೊತ್ತಿಲ್ಲದ್ದನ್ನು ಹೇಳಿಬಿಟ್ಟೆ. ನಿಜವಾಗಿ ನಿಮ್ಮಲ್ಲಿ ಅದಕ್ಕೇನು ಅರ್ಥ?”

ದಾರಿ ಖಾಲಿಯಿತ್ತು. ಕೇಳಿದವನು ಆ ಸೀಮೆಯಲ್ಲಿ ಅವನಿಗಿದ್ದ ಏಕೈಕ ಗೆಳೆಯ. ನಿಜ ಹೇಳಲು ಅದಕ್ಕಿಂತ ಅನುಕೂಲದ ಗಳಿಗೆ ಇನ್ನೊಂದಿರಲಿಲ್ಲ.

“ನೀನು ಹೇಳಿದ್ದು ಸರಿಯಾಗಿಯೇ ಇದೆ,” ಎಂದ ಇನಾಸ್. “ಅದು ಮರ್ಯಾದೆ.”

ಅಂದಿನಿಂದ ಆ ಹಳ್ಳಿಗೆ ಅವನು ಹೋದಾಗಲೆಲ್ಲ ಜನ ಎತ್ತಿ ಕುಡಿದರು. ಮಕ್ಕಳು ತೊರೆಯ ನೀರನ್ನು ತೆಂಗಿನ ಚಿಪ್ಪಿನಷ್ಟಗಲದ ಬುರುಡೆಗಳಲ್ಲಿ ಎತ್ತಿ, ಉಸಿರುಗಟ್ಟಿಸಿಕೊಂಡು, ‘ನೋಡು ಬ್ರದರ್’ ಎಂದು ಕೂಗಿದವು. “ನೀವು ಹೊಸ ಸಂಸ್ಕಾರವೊಂದನ್ನೇ ಸ್ಥಾಪಿಸಿದ್ದೀರಂತೆ!” ಎಂದು ಹಿರಿಯ ಪಾದ್ರಿಗಳು ಊಟದ ಮೇಜಿನಲ್ಲಿ ಹಾಸ್ಯ ಮಾಡಿದರು. ಪಾಪನಿವೇದನೆಗೆ ಮೊಣಕಾಲೂರಿದಾಗ ಇನಾಸ್ ‘ಒಂದು ಸುಳ್ಳು ಹೇಳಿದೆ’ ಎಂದ. ಯಾವ ಸುಳ್ಳೆಂದು ಪಾದ್ರಿಗಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕ್ಷಮೆ ಸಿಕ್ಕಿತು. ಅದು ಈ ಸುಳ್ಳಿಗೆ ತಾಗಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

1964ರ ಕೊನೆಯಲ್ಲಿ ಮುಂಬಯಿಯಲ್ಲಿ ಕಥೊಲಿಕರ ಮಹಾಸಭೆ ನಡೆಯಿತು. ಮಿಶನ್ನಿನ ಪರವಾಗಿ ಯೊಹಾನಾನನ್ನು ಆರಿಸಿದರು. ಇನಾಸನಿಗೆ ರಜೆಯ ಸರದಿ ಬಂದಿದ್ದರಿಂದ ಇಬ್ಬರೂ ಒಂದೇ ಹಡಗಿನಲ್ಲಿ ಬಂದರು. ಸಭೆ ಮುಗಿದ ಮೇಲೆ ಯೊಹಾನಾನನ್ನು ಅಲ್ಲಿಂದಲೇ ಹಿಂದಕ್ಕೆ ಕಳಿಸಿಬಿಡಬೇಕೆಂದು ಇನಾಸ್ ಆಸೆಪಟ್ಟ. ದಾರಿ ದೂರ, ಬಸ್ಸು ನೆಚ್ಚುವಂತಿಲ್ಲ, ಊಟ ಒಗ್ಗುವುದಿಲ್ಲ ಎಂದೆಲ್ಲ ಹೇಳಿ ನೋಡಿದ.

“ನಿನ್ನ ತಾಯಿಗೆ ನಮಸ್ಕಾರ ಹೇಳಿ ಬರಬೇಕೆಂದು ಅಪ್ಪ ಹೇಳಿದ್ದಾನೆ,” ಎಂದ ಯೊಹಾನಾ. “ಮುಂಬಯಿ ನೋಡಿದೆ, ಸಾಕು. ಅವನು ಕೇಳುವುದು ಮುಂಬಯಿಯನ್ನಲ್ಲ.”

ಬಿ.ಸಿ.ರೋಡಿನಲ್ಲಿ ಬಸ್ಸು ಬದಲಿಸುವಾಗ ಜನ ಮುತ್ತಿಕೊಂಡರು. ಬಸ್ಸಿನ ಏಜೆಂಟ್ ಹಸನಬ್ಬ ಯೊಹಾನಾನ ಎತ್ತರವನ್ನು ಕೆಳಗಿನಿಂದ ಮೇಲಿನವರೆಗೆ ಅಳೆದು, “ಇನಾಸ್ ಪೊರ್ಬುಲೇ, ಇವರ ತಲೆ ಬಸ್ಸಿನ ಮಾಡಿಗೆ ತಾಗ್ತದೆ ಮಾರಾಯ್ರೆ! ನೀವೇ ಹಂಚಿನವರಲ್ಲವಾ, ಎರಡು ಹಂಚು ತೆಗೆದು ಕೂರಿಸಿ,” ಎಂದ. ಎಲ್ಲರೂ ನಕ್ಕರು. ಅರ್ಥವಾಗದಿದ್ದರೂ ಯೊಹಾನಾನೂ ನಕ್ಕ. ಹಸನಬ್ಬ ಅವನಿಗೆ ಚಾಲಕನ ಪಕ್ಕದ ಆಸನ ಬಿಡಿಸಿಕೊಟ್ಟ.

ಮನೆಯಲ್ಲಿ ಕೊರ್ನೆಲ್ ಬಾಯಿ ಎರಡು ದಿನದಿಂದ ಸೆಗಣಿ ಸಾರಿಸಿ, ಕೋಳಿ ಕಟ್ಟಿಹಾಕಿ ಕಾದಿದ್ದಳು. ಮಗನನ್ನು ತಬ್ಬಿ ಅತ್ತು, ಅತಿಥಿಗೆ ಕೈಮುಗಿದು, ಆಮೇಲೆ ಮಗನನ್ನು ಮೆಲ್ಲನೆ ಅಡುಗೆಮನೆಗೆ ಕರೆದಳು.

“ಅವರಲ್ಲಿ ಅವನು ಯಾವ ಜಾತಿ, ಪುತಾ?”

“ಕ್ರಿಸ್ತಾಂವ್, ಮಾಂಯ್.”

“ಅದು ಗೊತ್ತುಂಟು. ಅದರ ಒಳಗೆ?”

“ಅವರಲ್ಲಿ ಹಾಗೆ ಇಲ್ಲ.”

“ಎಲ್ಲರಲ್ಲೂ ಉಂಟು,” ಎಂದಳು ಕೊರ್ನೆಲ್ ಬಾಯಿ ಸಮಾಧಾನದಿಂದ. “ನಿನಗೆ ಹೇಳಿರ್ಲಿಕ್ಕಿಲ್ಲ. ಇರಲಿ, ನಾನು ಹೊಸ ಗ್ಲಾಸು ತಂದಿಟ್ಟಿದ್ದೇನೆ. ಪರದೇಶದವರು ಬಾಯಿ ತಾಗಿಸಿಯೇ ಕುಡಿಯುವುದಂತೆ.”

ಜಗಲಿಯಲ್ಲಿ ನೆರೆಯ ಶೀನಪ್ಪ ಶೆಟ್ಟರು ಆಗಲೇ ಬಂದು ಕೂತಿದ್ದರು. ಬೆಲ್ಲದ ತುಂಡೂ ಹೊಸ ಗ್ಲಾಸಿನಲ್ಲಿ ನೀರೂ ಬಂದವು. ಯೊಹಾನಾ ಎದ್ದು ನಿಂತ. ಗ್ಲಾಸನ್ನು ಎರಡು ಕೈಗಳಲ್ಲಿ ಹಿಡಿದು ತಲೆಯ ಮೇಲಕ್ಕೆತ್ತಿ, ಒಂದು ಹನಿಯೂ ಚೆಲ್ಲದಂತೆ ಬಾಯೊಳಕ್ಕೆ ಧಾರೆ ಬಿಟ್ಟ. ನಾಲ್ಕು ವರ್ಷಗಳ ಅಭ್ಯಾಸ ಅದು.

“ಅಬ್ಬ!” ಎಂದರು ಶೆಟ್ಟರು. “ಬಾಯಮ್ಮ, ನೋಡಿದಿರಾ? ನಮ್ಮ ಮನೆಯ ಅಳಿಯನಿಗೂ ಇಷ್ಟು ಚಂದ ಎತ್ತಿ ಕುಡೀಲಿಕ್ಕೆ ಬರುವುದಿಲ್ಲ. ಒಳ್ಳೆಯ ಕುಲದವನೇ ಇರಬೇಕು.”

ಯೊಹಾನಾ ಇನಾಸನತ್ತ ತಿರುಗಿ ಸ್ವಾಹಿಲಿಯಲ್ಲಿ ಕೇಳಿದ: “ಸರಿಯಾಗಿ ಮಾಡಿದೆನೆ? ಏನೆನ್ನುತ್ತಿದ್ದಾರೆ?”

“ಸಂತೋಷಪಟ್ಟರು,” ಎಂದ ಇನಾಸ್. ನೆಲ ನೋಡುತ್ತ ಹೇಳಿದ.

ಆ ಸಂಜೆ ಕೈಕಾಲು ತೊಳೆಯಲು ಬಚ್ಚಲುಕೊಟ್ಟಿಗೆಗೆ ಹೋದಾಗ ಹೊರಗೋಡೆಯ ಗೂಡಿನಲ್ಲಿ ಆ ಹೊಸ ಗ್ಲಾಸು ಕವುಚಿ ಇಟ್ಟಿರುವುದನ್ನು ಅವನು ಕಂಡ. ಪಕ್ಕದಲ್ಲಿ ಅಣ್ಣುವಿಗೆ ಗಂಜಿತೆಳಿ ಹೊಯ್ಯುವ ತೆಂಗಿನ ಗೆರಟೆ. ಎರಡನ್ನೂ ಒಂದೇ ನೀರಿನಲ್ಲಿ ತೊಳೆದು ಒಂದೇ ಕಡೆ ಇಟ್ಟಿದ್ದರು. ತಾಯಿಯನ್ನು ಕರೆದು ಹೇಳಬಹುದಿತ್ತು. ಗ್ಲಾಸನ್ನು ತಾನೇ ಎತ್ತಿ ಒಳಗಿಡಬಹುದಿತ್ತು. ಮಾಂಯ್ ವಯಸ್ಸಾದವಳು, ಆರು ವರ್ಷದ ಮೇಲೆ ಬಂದಿದ್ದೇನೆ, ಮೊದಲ ದಿನವೇ ಜಗಳ ಯಾಕೆ ಎಂದುಕೊಂಡು ಕಾಲು ತೊಳೆದು ಬಂದ. ಎರಡನೆಯ ದಿನವೂ ಅದನ್ನು ನೋಡಿದ. ಆ ದಿನಕ್ಕೂ ಏನೋ ಒಂದು ನೆಪ ಸಿಕ್ಕಿತು.

ಮೂರನೆಯ ದಿನ ಹನ್ನೊಂದರ ಹೊತ್ತಿಗೆ ಅಣ್ಣು ಹೊಸ ಬುಟ್ಟಿಗಳನ್ನು ತಂದ. ತಲೆ ಹಣ್ಣಾಗಿತ್ತು. ಇನಾಸನನ್ನು ಕಂಡು ಅಂಗಳದ ಆಚೆಯಿಂದಲೇ, “ಸಣ್ಣ ಧನಿಗಳು ಬಂದದ್ದಾ? ದೊಡ್ಡ ಪಾದ್ರಿ ಆದಿರಂತಲ್ಲ!” ಎಂದು ನಕ್ಕ. ಬಿಸಿಲು ಜೋರಿತ್ತು, ನೀರು ಕೇಳಿದ. ಕೊರ್ನೆಲ್ ಬಾಯಿ ಚೆಂಬು ತಂದು ಮೆಟ್ಟಿಲ ಮೇಲೆ ನಿಂತಳು. ಅಣ್ಣು ಕೆಳಗೆ ಬಗ್ಗಿ ಬೊಗಸೆಯೊಡ್ಡಿದ. ಅವಳು ಮೇಲಿನಿಂದ ಹೊಯ್ದಳು. ಚೆಂಬು ಅವನ ಕೈಗೆ ತಾಗದಂತೆ ಅವಳೂ, ತಾಗೀತೆಂದು ಅವನೂ, ಇಬ್ಬರೂ ಎಚ್ಚರದಿಂದಿದ್ದರು. ಆಮೇಲೆ ಅಣ್ಣು ಗೂಡಿನಿಂದ ತನ್ನ ಗೆರಟೆಯನ್ನು ತಾನೇ ತೆಗೆದುಕೊಂಡ, ಅದಕ್ಕೆ ಗಂಜಿತೆಳಿ ಹೊಯ್ಯಲಾಯಿತು. ಗೆರಟೆ ತೆಗೆಯುವಾಗ ಪಕ್ಕದ ಗ್ಲಾಸನ್ನು ಅವನು ಜೋಪಾನವಾಗಿ ಬದಿಗೆ ಸರಿಸಿದ್ದ.

ಯೊಹಾನಾ ಜಗಲಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ. ಗ್ಲಾಸು ಯಾರದೆಂದು ಅವನಿಗೆ ಗುರುತು ಹತ್ತಿತು. ಮಧ್ಯಾಹ್ನದ ಊಟವನ್ನು ಅವನು ಅರ್ಧಕ್ಕೆ ಬಿಟ್ಟ.

ನಾಲ್ಕು ಗಂಟೆಗೆ ಇಬ್ಬರೂ ಗದ್ದೆಯ ಬದುವಿನ ಮೇಲೆ ನಡೆಯಹೊರಟರು. ಸ್ವಲ್ಪ ದೂರ ಹೋದ ಮೇಲೆ ಯೊಹಾನಾ, “ಆ ಬುಟ್ಟಿಯ ಮುದುಕ ನಿಮ್ಮಲ್ಲಿ ಬಹಳ ದೊಡ್ಡ ಮನುಷ್ಯನೆ?” ಎಂದ.

ಇನಾಸ್ ಬದುವಿನ ಒಂದು ಹುಲ್ಲುಕಡ್ಡಿ ಕಿತ್ತ.

“ನಿನ್ನ ತಾಯಿ ಅವನಿಗೆ ಬಹಳ ಎತ್ತರದಿಂದ ಮರ್ಯಾದೆ ತೋರಿದಳು. ಅದಕ್ಕೆ ಕೇಳಿದೆ.”

ಆಗ ಇನಾಸ್ ಹೇಳಿದ. ಎಂಜಲು ಎಂದರೇನು, ತುಟಿ ಯಾಕೆ ತಾಗಿಸಬಾರದು, ಅಣ್ಣು ಯಾಕೆ ಮೆಟ್ಟಿಲು ಹತ್ತಬಾರದು, ಗ್ಲಾಸು ಯಾಕೆ ಹೊರಗಿದೆ, ಎಲ್ಲವನ್ನೂ ಹೇಳಿದ. ಮೂಡಬಿದಿರೆಯಲ್ಲಿ ತಾನೂ ಬೊಗಸೆಯೊಡ್ಡಿದ್ದನ್ನು ಹೇಳಿದ. ಅದು ತನ್ನ ಪರವಾಗಿ ಸಾಕ್ಷಿ ನುಡಿಯಲೆಂದು ಹೇಳುತ್ತಿದ್ದೇನೆ ಎಂದು ಹೇಳುವಾಗಲೇ ಹೊಳೆದು ನಡುವೆ ನಿಲ್ಲಿಸಿಬಿಟ್ಟ. “ಬುರುಡೆಯನ್ನು ಎತ್ತಿದ್ದು ನಾನು ಬೇಕೆಂದಲ್ಲ ಯೊಹಾನಾ. ಕೈ ತಾನಾಗಿ ಹೋಯಿತು,” ಎಂದ.

“ಅದನ್ನು ನಂಬುತ್ತೇನೆ,” ಎಂದ ಯೊಹಾನಾ. ಸಿಟ್ಟಿನಿಂದ ಹೇಳಲಿಲ್ಲ, ಸಿಟ್ಟಿದ್ದರೆ ಇನಾಸನಿಗೆ ಹಗುರವಾಗುತ್ತಿತ್ತು. “ತಾಯಿ ಕಲಿಸಿದ್ದನ್ನು ಕೈ ಮಾಡುತ್ತದೆ. 

“ಆದರೆ ಆ ದಿನ ದಾರಿಯಲ್ಲಿ ನಾನು ಕೇಳಿದಾಗ ಮಾತಾಡಿದ್ದು ಕೈಯಲ್ಲ, ನೀನು. ನನಗೆ ಗೊತ್ತಿರಲಿಲ್ಲ, ನಿಜವಿರಬಹುದು ಎಂದುಕೊಂಡು ಹೇಳಿದ್ದೆ. ನಿನಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ವರ್ಷ ನನ್ನ ತಂದೆ ಕೆಮ್ಮುವುದನ್ನು ನೋಡುತ್ತ ಕೂತೆ.”

“ಅವರಿಗೆ ಹೇಳು. ನಿಜವನ್ನೇ ಹೇಳು.”

“ನಾನು ಯಾಕೆ ಹೇಳಲಿ? ಒಮ್ಮೆ ನಿನಗಾಗಿ ಹೇಳಿದ್ದು ಸಾಕು. ನೀನು ಬಂದು ಹೇಳು. ಬರುವುದಿಲ್ಲವಾದರೆ ಅವನು ಹಾಗೇ ಕುಡಿಯುತ್ತಿರಲಿ. ಈಗ ಚೆಲ್ಲದೆ ಕುಡಿಯಲು ಕಲಿತಿದ್ದಾನೆ.”

ಮರುದಿನ ಬೆಳಗಿನ ಬಸ್ಸಿಗೆ ಯೊಹಾನಾ ಹೊರಟ. ಆದಿತ್ಯವಾರದವರೆಗೆ ಇರಬೇಕಾಗಿತ್ತು, ಇಗರ್ಜಿಯಲ್ಲಿ ಊರಿನ ಪಾದ್ರಿ ವಿಗಾರರು ಅವನಿಗೊಂದು ಸನ್ಮಾನ ಇಟ್ಟುಕೊಂಡಿದ್ದರು. ಅವನು ಕೊರ್ನೆಲ್ ಬಾಯಿಯ ಕೈಗಳನ್ನು ಹಿಡಿದು ತನ್ನ ತಂದೆಯ ನಮಸ್ಕಾರ ಒಪ್ಪಿಸಿದ. ಇನಾಸನಿಗೆ, ಮಿಶನ್ನಿನ ಶಾಲೆಯ ಎಡಬದಿಯ ಮಾಡು ಮಳೆಗೆ ಮುಂಚೆ ಮುಗಿಯಬೇಕು ಎಂದಷ್ಟೇ ಹೇಳಿದ.

ಬಸ್ಸು ಹೋದ ಮೇಲೆ ಕೊರ್ನೆಲ್ ಬಾಯಿ ಕೇಳಿದಳು: “ಯಾಕೆ ಹೋದ? ನಾನು ಏನು ಕಡಿಮೆ ಮಾಡಿದೆ? ಕೋಳಿಸಾರು ಖಾರವಾಯ್ತಾ?”

“ಗ್ಲಾಸು, ಮಾಂಯ್. ನೀನು ಅದನ್ನು ಅಣ್ಣುವಿನ ಗೆರಟೆಯ ಹತ್ತಿರ ಇಟ್ಟದ್ದು ಅವನಿಗೆ ಕಂಡಿತು.”

ಅವಳು ಬಾಗಿಲ ಹೊಸ್ತಿಲ ಮೇಲೆ ಕೂತುಬಿಟ್ಟಳು. ಸೆರಗನ್ನು ಬೆರಳಿಗೆ ಸುತ್ತುತ್ತ ಕೇಳಿದಳು:

“ನಿನಗೆ ಯಾವಾಗ ಕಂಡದ್ದು?”

“ಮೊದಲನೇ ದಿನ.”

“ನಾನು ಶಾಲೆಗೆ ಹೋದವಳಲ್ಲ,” ಎಂದಳು ಕೊರ್ನೆಲ್ ಬಾಯಿ. “ನನ್ನ ಅತ್ತೆ ಎಲ್ಲಿ ಇಡ್ತಿದ್ದಳೋ ಅಲ್ಲಿ ಇಟ್ಟೆ. ನೀನು ಏಳು ಸಮುದ್ರ ದಾಟಿ ಬಂದವನು. ‘ಮಾಂಯ್, ಅದನ್ನು ಒಳಗೆ ಇಡು’ ಅಂತ ಒಂದು ಮಾತು ಹೇಳ್ಲಿಕ್ಕೆ ನಿನಗೆ ಏನಾಗಿತ್ತು? ನಾನು ಇಡ್ತಿರಲಿಲ್ಲವಾ? ಬೈದುಕೊಂಡಾದರೂ ಇಡ್ತಿದ್ದೆ.”

ಗೆಳೆಯನೂ ತಾಯಿಯೂ ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆಯೇ ಇನಾಸನ ಮೇಲೆ ಒಂದೇ ಅಪರಾಧ ಹೊರಿಸಿದ್ದರು.

ಆದಿತ್ಯವಾರ ಯೊಹಾನಾನಿಗೆಂದು ಕಟ್ಟಿಸಿದ್ದ ಮಲ್ಲಿಗೆಯ ಹಾರವನ್ನು ವಿಗಾರರು ಇನಾಸನಿಗೇ ಹಾಕಿದರು. ಬೇಡವೆಂದು ಅವನು ಎತ್ತಿದ ಕೈಯನ್ನು ಸರಿಸಿ, ಎರಡು ಮಾತು ಹೇಳಿರೆಂದರು. ಅವನು ಎದ್ದು ನಿಂತ. ಬೆಂಚುಗಳ ತುಂಬ ತನ್ನ ಚಿರತೆಯ ಕಾಗದಗಳನ್ನು ಓದಿದ ಮುಖಗಳು. ಬಾಗಿಲ ಹೊರಗೆ ಬಿಸಿಲಿನಲ್ಲಿ ನಿಂತು ಇಣುಕುತ್ತಿದ್ದವರಲ್ಲಿ ಅಣ್ಣುವೂ ಇದ್ದ. “ಅಲ್ಲಿನ ಜನ ಒಳ್ಳೆಯವರು. ನಾನು ಅಷ್ಟು ಒಳ್ಳೆಯವನಾಗಿರಲಿಲ್ಲ,” ಎಂದು ಹೇಳಿ ಕೂತ. ಎಂಥ ವಿನಯ ಎಂದು ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನಿಲ್ಲುವವರೆಗೆ ಅವನು ಹಾರದ ದಾರವನ್ನು ಹಿಡಿದುಕೊಂಡಿದ್ದ.

ಮಂಗಳೂರಿನ ಹಿರಿಯರು ಅವನಿಗೆ ಬೇಕಾದರೆ ಇಲ್ಲೇ ಉಳಿಯಬಹುದು ಎಂದಿದ್ದರು. ಮಠದ ಮರಗೆಲಸದ ಶಾಲೆಗೆ ಒಬ್ಬ ಬ್ರದರ್ ಬೇಕಾಗಿತ್ತು. ಇನಾಸ್ ಆ ವಾರವೆಲ್ಲ ಯೋಚಿಸಿದ. ಇಲ್ಲಿ ಉಳಿದರೆ ಆ ಮುದುಕನಿಗೆ ಕಾಗದ ಬರೆಯಬಹುದು ಎಂದುಕೊಂಡ. ಆದರೆ ಮುದುಕನಿಗೆ ಓದಲು ಬಾರದು. ಓದಿ ಹೇಳಬೇಕಾದವನು ಯೊಹಾನಾ. ಎಂದರೆ ಮತ್ತೊಮ್ಮೆ ಯೊಹಾನಾನ ಬಾಯಿಯಿಂದಲೇ ಹೇಳಿಸಿದಂತೆ.

ಕಾಗದ ಬರೆಯಲಿಲ್ಲ. ಮಂಗಳೂರಿಗೆ ಹೋಗಿ, ಫೆಬ್ರವರಿಯ ಹಡಗಿಗೆ ತನ್ನ ಹೆಸರು ಕೊಡಿ ಎಂದು ಹೇಳಿದ. ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಬಳಿ ಕೂತು ಮುದುಕನಿಗೆ ಹೇಳಬೇಕಾದದ್ದನ್ನು ಸ್ವಾಹಿಲಿಯಲ್ಲಿ ಜೋಡಿಸತೊಡಗಿದ. ‘ನಿಮ್ಮ ಮಗ ಸುಳ್ಳು ಹೇಳಲಿಲ್ಲ, ಹೇಳಿದವನು ನಾನು’ ಎಂಬ ಮೊದಲ ವಾಕ್ಯ ಬೇಗನೆ ಸಿಕ್ಕಿತು. ಬಸ್ಸು ಬಿ.ಸಿ.ರೋಡಿಗೆ ಬಂದು ನಿಂತಾಗಲೂ ಎರಡನೆಯ ವಾಕ್ಯ ಸಿಕ್ಕಿರಲಿಲ್ಲ.